ಪಿನ್ ಕೋಡ್: ನೆಲ, ಜನ ಮತ್ತು ಭಾಷೆ

ಹೊರನಾಡ ಕನ್ನಡಿಗರನ್ನು ಕುರಿತ ಕ್ಷೇತ್ರಕಾರ್ಯದಲ್ಲಿ ವಿಳಾಸಗಳನ್ನು ಪಿನ್ ಕೋಡಿನ ಪ್ರಕಾರ ವಿಂಗಡಿಸಿಕೊಳ್ಳುವುದು ಅನುಕೂಲಕರವೆನಿಸುತ್ತದೆ. ಒಂದೇ ಸಂಖ್ಯೆಯಡಿ ಹೆಚ್ಚು ವಿಳಾಸಗಳು ದೊರೆತಾಗ, ಅಲ್ಲಿ ಕನ್ನಡಿಗರ ನೆಲೆ ದಟ್ಟವಾಗಿದೆಯೆಂದು ತೀರ್ಮಾನಿಸುವ ಮನಸ್ಸಾಗುತ್ತದೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅರಿಯಲು ಆ ಸಂಖ್ಯೆಯ ರಚನೆಯನ್ನು ಪರಿಶೀಲಿಸಬೇಕಾಗುತ್ತದೆ.

ಈ ವ್ಯವಸ್ಥೆ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಒಂದೇ ಹೆಸರಿನ ಊರುಗಳು ದೇಶದಲ್ಲಿ ಅನೇಕ. ವಿಳಾಸಗಳೋ ಹಲವು ಭಾಷೆ, ಹಲವು ಲಿಪಿಗಳಲ್ಲಿ ಬರುತ್ತವೆ. ಈ ಗೊಂದಲಕ್ಕೆ ಆರಂಕಿಗಳ ಸಂಖ್ಯೆ ಪರಿಹಾರವಾಯಿತು.

ಉದಾಹರಣೆಗೆ ಕಾಸರಗೋಡಿನ 671121ನ್ನು ಗಮನಿಸೋಣ. ಮೊದಲ ಅಂಕಿ 6, ತಮಿಳುನಾಡು ಮತ್ತು ಕೇರಳಗಳನ್ನೊಳಗೊಂಡ ವಲಯವನ್ನು ಸೂಚಿಸುತ್ತದೆ. 67 ಎಂಬುದು ಕೇರಳದ ಉಪವಲಯ; 671 ವಿಂಗಡಣಾ ಜಿಲ್ಲೆ; ಕೊನೆಯ ಮೂರು ಅಂಕಿಗಳು ಬಟವಾಡೆಯ ಅಂಚೆ ಕಚೇರಿಗೆ ಸಂಬಂಧಿಸಿದವು. ಅಂದರೆ ಪಿನ್ ಕೋಡ್ ಹೇಳುವುದು ಕಾಗದ ಸಾಗುವ ದಾರಿಯನ್ನು.

ಕರ್ನಾಟಕಕ್ಕೆ 56ರಿಂದ 59ರವರೆಗಿನ ಉಪವಲಯಗಳು ಸಂದಿವೆ. ಈ ಸಂಖ್ಯೆಗಳು ಬಂದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕವೆಂಬ ನಾಮಕರಣವಾದದ್ದು 1973ರಲ್ಲಿ. 2014ರಲ್ಲಿ ತೆಲಂಗಾಣ ಪ್ರತ್ಯೇಕವಾದರೂ ಹೈದರಾಬಾದಿನ 500001 ಬದಲಾಗಲಿಲ್ಲ. ಹಸ್ತಪ್ರತಿಯಲ್ಲಿ ಹಳೆಯ ಪಾಠವೊಂದು ಉಳಿದುಬರುವಂತೆ, ಈ ಅಂಕಿಗಳಲ್ಲಿ ಹಳೆಯ ಭೂಪಟ ಉಳಿದುಬಂದಿದೆ.

ಆ ಭೂಪಟ 1956ರ ರಾಜ್ಯ ಪುನರ್ವಿಂಗಡಣೆಯದು. ಅಲ್ಲಿ ಗಡಿಯಾಚೆ ಉಳಿದ ಕನ್ನಡ ಇಲ್ಲಿಯೂ ಆಚೆಯೇ ಉಳಿದಿದೆ. ಕಾಸರಗೋಡು 671ರಲ್ಲಿ, ಸೊಲ್ಲಾಪುರ ಮತ್ತು ಅಕ್ಕಲಕೋಟೆ 413ರಲ್ಲಿ, ಜತ್ತ 416ರಲ್ಲಿ, ಆದವಾನಿ 518ರಲ್ಲಿವೆ. ಕನ್ನಡ ಇಲ್ಲೆಲ್ಲ ಕೇಳಿಬರುತ್ತದೆ. ಆದರೆ ಅವನ್ನು ಒಂದುಗೂಡಿಸುವ ಅಂಕಿ ಯಾವುದೂ ಇಲ್ಲ.

ಇನ್ನು ಜನಸಂಖ್ಯೆಯ ವಿಚಾರ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕಿ ಅಂಚೆ ಕಚೇರಿಗಳಿದ್ದರೆ, ಪಿನ್ ಕೋಡುಗಳು ಸುಮಾರು 19,000 ಮಾತ್ರ. ಗ್ರಾಮಾಂತರದಲ್ಲಿ ಹಲವು ಶಾಖಾ ಕಚೇರಿಗಳೂ ಅವುಗಳ ಹಳ್ಳಿಗಳೂ ಒಂದೇ ಸಂಖ್ಯೆಯನ್ನು ಹಂಚಿಕೊಳ್ಳುತ್ತವೆ. ಮಹಾನಗರದಲ್ಲಿ ಹಾಗಲ್ಲ. ಜನ ಕಿಕ್ಕಿರಿದಲ್ಲಿ ಬಟವಾಡೆಯ ಹೊರೆ ಹೆಚ್ಚುವುದರಿಂದ ಕಚೇರಿಗಳು ಒತ್ತೊತ್ತಾಗಿರುತ್ತವೆ, ಒಂದೊಂದು ಸಂಖ್ಯೆಯ ನೆಲ ಕಿರಿದಾಗಿರುತ್ತದೆ. ಮುಂಬಯಿಯ ಮಾಟುಂಗಾ 400019ರಲ್ಲಿದ್ದರೆ ನೆರೆಯ ದಾದರಿಗೆ ಬೇರೆಯೇ ಸಂಖ್ಯೆ. ಆದ್ದರಿಂದ ಎರಡು ಪಿನ್ ಕೋಡುಗಳ ವಿಳಾಸಗಳನ್ನು ಎಣಿಸಿ ಹೋಲಿಸುವುದು ಸಮಾನವಲ್ಲದ ಅಳತೆಗಳನ್ನು ಹೋಲಿಸಿದಂತಾಗುತ್ತದೆ. ಜನಗಣತಿ ಎಣಿಸುವುದು ಗ್ರಾಮ, ತಾಲ್ಲೂಕು, ವಾರ್ಡುಗಳ ಲೆಕ್ಕದಲ್ಲಿ. ಬಟವಾಡೆಯ ಎಲ್ಲೆಗಳು ಅವುಗಳೊಡನೆ ಹೊಂದಿಕೆಯಾಗಲೇಬೇಕೆಂಬ ನಿಯಮವಿಲ್ಲ.

ಹಾಗೆಂದು ಪಿನ್ ಕೋಡ್ ಅಧ್ಯಯನಕ್ಕೆ ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಮಾಹಿತಿದಾರರ ನೆಲೆಯನ್ನು ಗುರುತಿಸಲು ಅದು ಒಳ್ಳೆಯ ಕೈಮರ. ಆದರೆ ಕ್ಷೇತ್ರಕಾರ್ಯದ ಪಟ್ಟಿಯಲ್ಲಿ ಸಂಖ್ಯೆಯ ಜೊತೆಗೆ ಊರು ಅಥವಾ ವಾರ್ಡು, ತಾಲ್ಲೂಕು, ಮನೆಮಾತುಗಳನ್ನೂ ಬರೆದುಕೊಳ್ಳುವುದು ಅವಶ್ಯ. ಇಲ್ಲವಾದರೆ, ಒಂದು ದೊಡ್ಡ ಸಂಖ್ಯೆಯಡಿ ಹತ್ತಾರು ಹಳ್ಳಿಗಳಲ್ಲಿ ಚದುರಿರುವ ಕನ್ನಡದ ಮನೆಗಳು ನಮ್ಮ ಲೆಕ್ಕದಲ್ಲಿ ಇಲ್ಲವೇ ಇಲ್ಲವೆಂಬಂತಾದಾವು.