ಹಳೆಯ ಮೋಟಾರ್ ಸೈಕಲ್ಲು ತಲೆಯಾಡಿಸುವುದೇಕೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ನಡುವಣ ರಸ್ತೆಗಳಲ್ಲಿ ಹಾಸುಗಲ್ಲನ್ನೂ ಸಿಮೆಂಟನ್ನೂ ಹೊತ್ತ ಲಾರಿಗಳು ಸಂಚರಿಸುತ್ತವೆ. ಅಡಿಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವುದರಿಂದ ರಸ್ತೆಯ ಮೈ ಸಮವಾಗಿ ಉಳಿಯುವುದು ಕಷ್ಟ. ಇಂಥ ದಾರಿಯಲ್ಲಿ ಹಳೆಯ ಮೋಟಾರ್ ಸೈಕಲ್ಲಿನ ಹಿಡಿಕೆಯು ಒಮ್ಮೊಮ್ಮೆ ಸವಾರನ ಕೈಯೊಳಗೇ ಎಡಬಲಕ್ಕೆ ಪಟಪಟನೆ ಹೊಯ್ದಾಡತೊಡಗುತ್ತದೆ. ಎದುರಿಗೆ ಲಾರಿ ಬರುತ್ತಿರುವಾಗ ಹೀಗಾದರೆ ಪ್ರಾಣಕ್ಕೇ ಸಂಚಕಾರ. ರಸ್ತೆಯನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ಕುಳಿಯು ಈ ಅಲುಗಾಟವನ್ನು ಆರಂಭಿಸಬಲ್ಲುದೇ ಹೊರತು, ಅದನ್ನು ಮುಂದುವರಿಸುವುದು ವಾಹನವೇ.

ಮುಂಗವೆಯು ತಿರುಗುವ ಅಚ್ಚಿನ ಗೆರೆಯನ್ನು ನೆಲದವರೆಗೆ ಎಳೆದೆವೆಂದು ಭಾವಿಸೋಣ. ಗಾಲಿಯು ನೆಲವನ್ನು ಮುಟ್ಟುವ ಜಾಗವು ಆ ಗೆರೆಗಿಂತ ಕೆಲವು ಅಂಗುಲ ಹಿಂದಿರುತ್ತದೆ. ಆದುದರಿಂದ ಗಾಲಿ ಓರೆಯಾದೊಡನೆ ನೆಲದ ಘರ್ಷಣೆಯು ಅದನ್ನು ನೇರಕ್ಕೆ ಎಳೆಯುತ್ತದೆ. ಹೀಗೆ ಬಂದ ಗಾಲಿ ಉಯ್ಯಾಲೆಯಂತೆ ಆಚೆಯ ಬದಿಗೂ ದಾಟುತ್ತದೆ. ಬಿಗಿಯಾದ ವಾಹನದಲ್ಲಿ ಈ ತೂಗಾಟ ಬೇಗನೆ ಅಡಗುತ್ತದೆ. ಸಂದುಗಳು ಸವೆದಿದ್ದರೆ ಅಡಗುವ ಬದಲು ಬೆಳೆಯಬಹುದು.

ರೋಗವನ್ನು ಅರಿಯಲು ಮೊದಲು ಲಕ್ಷಣವನ್ನು ಗಮನಿಸಬೇಕು. ಹಿಡಿಕೆ ಮಾತ್ರ ಸೆಕೆಂಡಿಗೆ ಸುಮಾರು 4ರಿಂದ 10 ಸಲ ಅದುರಿದರೆ ದೋಷವನ್ನು ಮುಂಭಾಗದಲ್ಲಿ ಮೊದಲು ಹುಡುಕಬೇಕು. ವೇಗ ಹೆಚ್ಚಿದಾಗಲೋ, ಚಿಂಚೋಳಿಯ ಗುಡ್ಡದ ತಿರುವಿನಲ್ಲೋ ಇಡೀ ವಾಹನವೇ ಹಾವಿನಂತೆ ನಿಧಾನವಾಗಿ ಬಳುಕಿದರೆ ಹಿಂಭಾಗವನ್ನು ಶಂಕಿಸಬೇಕು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ವಾಹನಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಇವುಗಳ ಕತ್ತಿನೊಳಗೆ ಬಟ್ಟಲುಗಳ ನಡುವೆ ಬಿಡಿ ಉಕ್ಕಿನ ಗುಂಡುಗಳಿವೆ. ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ, ಕವೆಯ ತುದಿಗಳನ್ನು ಹಿಡಿದು ಹಿಂದುಮುಂದಕ್ಕೆ ಅಲುಗಿಸಿರಿ. ಟಕ್ ಎಂದರೆ ಕತ್ತು ಸಡಿಲವಾಗಿದೆ. ಬಳಿಕ ಹಿಡಿಕೆಯನ್ನು ಮೆಲ್ಲನೆ ತಿರುಗಿಸಿರಿ. ನಟ್ಟನಡುವೆ ಗಕ್ಕನೆ ನಿಂತರೆ ಗುಂಡುಗಳ ಹೊಡೆತದಿಂದ ಬಟ್ಟಲಿನಲ್ಲಿ ತಗ್ಗುಗಳಾಗಿವೆ. ಅಲ್ಲಿ ಬಿಗಿ ಮಾಡಿ ಫಲವಿಲ್ಲ, ಬಟ್ಟಲು ಗುಂಡುಗಳೆರಡನ್ನೂ ಬದಲಿಸಬೇಕು. ಅತಿಬಿಗಿಯೂ ದೋಷವೇ, ಅದರಿಂದ ವಾಹನವು ದಾರಿಯುದ್ದಕ್ಕೂ ಅತ್ತಿತ್ತ ಓಲಾಡುತ್ತದೆ.

ಗಾಲಿಯನ್ನು ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿಯನ್ನು ಸ್ಥಿರವಾಗಿ ಹಿಡಿದರೆ ಚಕ್ರದ ಸೊಟ್ಟ ತಿಳಿಯುತ್ತದೆ. ಅರಗಳನ್ನು ಸ್ಪ್ಯಾನರಿನಿಂದ ತಟ್ಟಿದಾಗ ಮಂಕಾಗಿ ನುಡಿಯುವುದು ಸಡಿಲವಾದ ಅರ. ಇನ್ನು ಹಿಂದಿನ ಗಾಲಿಯನ್ನು ಪಕ್ಕಕ್ಕೆ ಎಳೆದು ನೋಡಿರಿ. ಗಾಲಿಯೊಡನೆ ಹಿಂಗವೆಯೂ ಅಲುಗಿದರೆ ಅದರ ಬುಷ್ ಸವೆದಿದೆ. ಗಾಲಿ ಮಾತ್ರ ಅಲುಗಿದರೆ ಅದರ ಬೇರಿಂಗನ್ನು ಪರೀಕ್ಷಿಸಬೇಕು. ಎರಡು ಗಾಲಿಗಳ ಬದಿಗೂ ನೂಲು ಹಿಡಿದರೆ, ಸರಪಳಿಯನ್ನು ಬಿಗಿಮಾಡುವಾಗ ಹಿಂಗಾಲಿ ಓರೆಯಾಗಿದೆಯೇ ಎಂಬುದು ಗೊತ್ತಾಗುತ್ತದೆ.

ಆದರೆ ಇವೆಲ್ಲಕ್ಕೂ ಮೊದಲು ಟೈರಿನ ಗಾಳಿಯನ್ನು ಅಳೆಯಿರಿ; ಅದಕ್ಕೆ ಖರ್ಚಿಲ್ಲ. ಹಿಂದೆ ಹೇರಿದ ತೊಗರಿಮೂಟೆಯನ್ನು ಇಳಿಸಿಯೂ ಪರೀಕ್ಷಿಸಿರಿ; ಹಿಂಬದಿಯ ಭಾರವು ಮುಂಗಾಲಿಯನ್ನು ಹಗುರಾಗಿಸಿ ಅಲುಗಾಟಕ್ಕೆ ಎಡೆಗೊಡುತ್ತದೆ.

ದಾರಿಯಲ್ಲೇ ಹೊಯ್ದಾಟ ಹತ್ತಿದರೆ ಹಿಡಿಕೆಯೊಡನೆ ಸೆಣಸಬಾರದು, ಮುಂದಿನ ಬ್ರೇಕನ್ನು ಹಠಾತ್ತನೆ ಒತ್ತಲೂಬಾರದು. ಮೈಯನ್ನು ಮುಂದಕ್ಕೆ ಬಾಗಿಸಿ ವೇಗವನ್ನು ಕ್ರಮವಾಗಿ ಇಳಿಸಬೇಕು. ಅಂದು ಬದುಕಿ ಬಂದವನು ಮರುದಿನ ಅದೇ ವಾಹನವನ್ನು ಪರೀಕ್ಷಿಸದೆ ಏರುವುದು ಸಲ್ಲದು.