ಮೊದಲು ರಸೀದಿ, ಆಮೇಲೆ ರಾಜೀನಾಮೆ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಹೊತ್ತು ಎಂದರೆ ಊರಿನಲ್ಲಿ ದೇವರಿಗೆ ದೀಪ ಹಚ್ಚುವ ಸಮಯ. 'ಅಮ್ಮಾ, ಈ ಕೆಲಸ ಬಿಡ್ತಾ ಇದ್ದೀವಿ' ಎಂದು ನಾವು ಹೇಳಿದ ತಕ್ಷಣ ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: 'ಯಾಕೋ, ಆಫೀಸಲ್ಲಿ ಯಾರ ಜೊತೆಗಾದ್ರೂ ಜಗಳ ಆಡ್ಕೊಂಡ್ಯಾ?'

ಅಮ್ಮನ ಆತಂಕ ಸಹಜವೇ. ಅಪ್ಪನ ಕಾಲದಲ್ಲಿ ಬ್ಯಾಂಕೋ ಶಾಲೆಯೋ, ಒಮ್ಮೆ ಸೇರಿದರೆ ನಿವೃತ್ತಿಯ ತನಕ ಅಲ್ಲೇ. ರಾಜೀನಾಮೆ ಎಂಬ ಮಾತು ಕಿವಿಗೆ ಬೀಳುತ್ತಿದ್ದುದು ಯಾರಾದರೂ ಅದನ್ನು ಸಾಹೇಬರ ಮೇಜಿನ ಮೇಲೆ ಬಿಸಾಕಿ ಬಂದಾಗ ಮಾತ್ರ. ಇಲ್ಲಿ ಹಾಗಲ್ಲ. ನ್ಯೂಯಾರ್ಕ್-ನ್ಯೂಜೆರ್ಸಿ ಭಾಗದಲ್ಲಿ ಕೆಲಸ ಬದಲಿಸುವುದು ಮನೆ ಬದಲಿಸಿದಷ್ಟೇ ಸಾಮಾನ್ಯ. ಆದರೆ ವೀಸಾದ ಮೇಲಿರುವ ನಮ್ಮಂಥವರಿಗೆ ಅದನ್ನು ಯಾವ ಕ್ರಮದಲ್ಲಿ ಮಾಡುತ್ತೇವೆ, ಎಷ್ಟು ಚೆನ್ನಾಗಿ ಬೀಳ್ಕೊಳ್ಳುತ್ತೇವೆ ಎಂಬುದು ಬಹಳ ಮುಖ್ಯ.

ಬೆಂಗಳೂರಿನ ಅನೇಕ ಕಂಪನಿಗಳಲ್ಲಿ ಎರಡು ಮೂರು ತಿಂಗಳ ನೋಟಿಸ್ ಇರುತ್ತದೆ. ಕೊನೆಗೆ ರಿಲೀವಿಂಗ್ ಲೆಟರ್ ಕೈಗೆ ಬರಬೇಕು. ಇಲ್ಲಿ ಕರಾರಿನಲ್ಲಿ ಬರೆದಿಲ್ಲದಿದ್ದರೆ ಕಾನೂನು ಒಂದು ದಿನದ ನೋಟಿಸನ್ನೂ ಕೇಳುವುದಿಲ್ಲ. ಎರಡು ವಾರ ಮೊದಲೇ ಹೇಳುವುದು ಬರೀ ರೂಢಿ. ಹಾಗೆಂದು ಅದನ್ನು ಮೀರಿದವರ ಬಗ್ಗೆ ಒಳ್ಳೆಯ ಮಾತು ಉಳಿಯುವುದಿಲ್ಲ.

ಈ ಸ್ವಾತಂತ್ರ್ಯ ಎರಡೂ ಕಡೆಗಿದೆ. ಹಿಂದೊಮ್ಮೆ ನಾವು ಬೆಳಿಗ್ಗೆ ಎರಡು ವಾರದ ನೋಟಿಸ್ ಕೊಟ್ಟೆವು. ಮಧ್ಯಾಹ್ನದೊಳಗೆ ಲ್ಯಾಪ್‌ಟಾಪ್ ಲಾಕ್ ಆಗಿತ್ತು. 'ಇವತ್ತೇ ನಿಮ್ಮ ಕೊನೆಯ ದಿನ, ಥ್ಯಾಂಕ್ಸ್' ಎಂದು ಬಾಗಿಲ ತನಕ ಬಂದು ಬೀಳ್ಕೊಟ್ಟರು. ಲೆಕ್ಕಪತ್ರ, ಗ್ರಾಹಕರ ಮಾಹಿತಿ ಕೈಯಲ್ಲಿರುವವರಿಗೆ ಹೀಗಾಗುವುದು ಅಪರೂಪವಲ್ಲ, ಅವಮಾನವೂ ಅಲ್ಲ. ಆದರೆ ಎಚ್-1ಬಿ ವೀಸಾದವರಿಗೆ ಆ ಕ್ಷಣದಿಂದಲೇ ಗಡಿಯಾರ ಓಡಲು ಶುರುವಾಗುತ್ತದೆ.

2017ರ ಜನವರಿ 17ರಂದು ಜಾರಿಗೆ ಬಂದ ನಿಯಮದಂತೆ, ಕೆಲಸ ನಿಂತ ಮೇಲೆ ಹೆಚ್ಚೆಂದರೆ 60 ದಿನಗಳ ಕಾಲಾವಕಾಶ ಸಿಗುತ್ತದೆ. ಐ-94 ದಾಖಲೆಯ ಅವಧಿ ಅದಕ್ಕೂ ಮೊದಲೇ ಮುಗಿಯುವಂತಿದ್ದರೆ ಅಷ್ಟೇ ದಿನ. ಎಚ್-4ರಲ್ಲಿರುವ ಹೆಂಡತಿ ಮಕ್ಕಳಿಗೂ ಇದೇ ಲೆಕ್ಕ. ಅಷ್ಟರೊಳಗೆ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ವೀಸಾ ಬದಲಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಹೊಸ ಕಂಪನಿಯ ಅರ್ಜಿ ವಲಸೆ ಇಲಾಖೆಗೆ ಸರಿಯಾಗಿ ಸಲ್ಲಿಕೆಯಾದರೆ ಮಂಜೂರಾತಿಗೆ ಕಾಯದೆ ಅಲ್ಲಿ ಕೆಲಸ ಆರಂಭಿಸಲು 2000ದ ಕಾನೂನು ಅವಕಾಶ ಕೊಟ್ಟಿದೆ. ಮಂಜೂರಾಗುವ ತನಕ ಕಾಯುವ ಜಾಗರೂಕರೂ ಇದ್ದಾರೆ. ಏನೇ ಇರಲಿ, ಲೆಕ್ಕದವರ ಮಾತಿನಲ್ಲಿ ಹೇಳುವುದಾದರೆ: ಮೊದಲು ರಸೀದಿ, ಆಮೇಲೆ ರಾಜೀನಾಮೆ. ಬಾಯಿಮಾತಿನ ಆಫರ್ ನಂಬಿ ಇದ್ದ ಕೆಲಸಕ್ಕೆ ಕೈ ಮುಗಿಯಬಾರದು.

ಹೇಳುವ ರೀತಿಯೂ ಇದೆ. ಸುದ್ದಿ ಮೊದಲು ಮುಟ್ಟಬೇಕಾದ್ದು ಮ್ಯಾನೇಜರ್‌ಗೆ, ಅದೂ ನಮ್ಮ ಬಾಯಿಂದಲೇ. ನಂತರ ನಾಲ್ಕು ಸಾಲಿನ ಪತ್ರ: ಕೊನೆಯ ದಿನಾಂಕ, ಒಂದು ಕೃತಜ್ಞತೆ, ಕೆಲಸ ಒಪ್ಪಿಸಿ ಹೋಗುವ ಭರವಸೆ. ದೂರುಗಳಿಗೆ ಆ ಪತ್ರದಲ್ಲಿ ಜಾಗವಿಲ್ಲ. ನಮ್ಮ ವೃತ್ತಿಯಲ್ಲಿ ಏಪ್ರಿಲ್ 15, ಅಂದರೆ ತೆರಿಗೆ ವಿವರ ಸಲ್ಲಿಸುವ ಗಡುವು, ದೊಡ್ಡ ಹಬ್ಬವಿದ್ದಂತೆ. ಮಾರ್ಚ್‌ನಲ್ಲಿ ಎದ್ದು ಹೋಗುವುದು ಮದುವೆ ಮನೆಯಲ್ಲಿ ಬಡಿಸುವ ಹೊತ್ತಿಗೆ ಅಡುಗೆಯವರು ಹೊರಟಂತೆ. ಹಾಗಾಗಿ ಈ ಸಲ ನಾವು ಏಪ್ರಿಲ್ ಮುಗಿಸಿ, ಬಾಕಿ ಕೆಲಸದ ಪಟ್ಟಿ ಬರೆದು ಒಪ್ಪಿಸಿಯೇ ಹೊರಟೆವು.

ಇಷ್ಟೆಲ್ಲ ಯಾಕೆ ಎಂದರೆ, ಬಿಟ್ಟ ಕಂಪನಿಯ ಬಾಗಿಲನ್ನು ವರ್ಷಗಳ ನಂತರವೂ ತಟ್ಟಬೇಕಾಗುತ್ತದೆ. ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಹಿಂದಿನ ಅನುಭವ ತೋರಿಸಬೇಕಾದರೆ ಹಳೆಯ ಕಂಪನಿಯಿಂದಲೇ ಪತ್ರ ಬೇಕು. ಏನು ಕೆಲಸ ಮಾಡಿದರು ಎಂಬ ವಿವರ ಅದರಲ್ಲಿರಬೇಕು. ನಮ್ಮ ಪರಿಚಿತರೊಬ್ಬರು ಶುಕ್ರವಾರ ಸಂಜೆ ಒಂದು ಸಿಟ್ಟಿನ ಇಮೇಲ್ ಕಳಿಸಿ, ಲ್ಯಾಪ್‌ಟಾಪನ್ನು ಕೊರಿಯರ್‌ನಲ್ಲಿ ಹಾಕಿ ಕೆಲಸ ಬಿಟ್ಟಿದ್ದರು. ಆರು ವರ್ಷದ ಮೇಲೆ ವಕೀಲರು ಆ ಪತ್ರ ಕೇಳಿದಾಗ ಹಳೆಯ ಮ್ಯಾನೇಜರ್ ಫೋನನ್ನೇ ಎತ್ತಲಿಲ್ಲ. ಕೊನೆಗೆ ಹಳೆಯ ಸಹೋದ್ಯೋಗಿಗಳ ಲಿಖಿತ ಹೇಳಿಕೆ ಹುಡುಕಿ ಹೊಂದಿಸುವಷ್ಟರಲ್ಲಿ ಹೈರಾಣಾದರು. ಆದ್ದರಿಂದ ಹೊರಡುವ ಮುನ್ನವೇ ಪತ್ರ ಕೇಳಿ ಪಡೆಯುವುದು ಜಾಣತನ. ನಮ್ಮ ಸಂಬಳದ ಚೀಟಿ, ಡಬ್ಲ್ಯೂ-2, ವೀಸಾ ಮಂಜೂರಾತಿಯ ಪ್ರತಿಗಳು ಮೊದಲೇ ಮನೆಯಲ್ಲಿರಬೇಕು. ಕಂಪನಿಯ ಕಡತ ಮಾತ್ರ ಒಂದೂ ಮನೆಗೆ ಬರಬಾರದು.

ಕೊನೆಯ ದಿನಾಂಕ ಆರಿಸುವಾಗ ದುಡ್ಡಿನ ಲೆಕ್ಕವೂ ಇದೆ. ಕೆಲವು ಕಂಪನಿಗಳ ಆರೋಗ್ಯ ವಿಮೆ ಕೊನೆಯ ದಿನವೇ ನಿಲ್ಲುತ್ತದೆ, ಕೆಲವದು ತಿಂಗಳ ಕೊನೆಯ ತನಕ ಇರುತ್ತದೆ. ಎರಡನೆಯ ಬಗೆಯಾದರೆ 30ರಂದು ಬಿಡುವ ಬದಲು ಮುಂದಿನ ತಿಂಗಳ 2ಕ್ಕೆ ಬಿಟ್ಟರೆ ಒಂದು ತಿಂಗಳ ರಕ್ಷಣೆ ಸಿಗುತ್ತದೆ. ನಡುವೆ ಖಾಲಿ ಬಿದ್ದರೆ 'ಕೋಬ್ರಾ' ಇದೆ. ಅಮ್ಮ ಗಾಬರಿಯಾಗಿದ್ದರು, ಇದು ಹಾವಲ್ಲ! 20 ಅಥವಾ ಹೆಚ್ಚು ನೌಕರರಿರುವ ಕಂಪನಿಯ ಹಳೆಯ ವಿಮೆಯನ್ನೇ ಸಾಮಾನ್ಯವಾಗಿ 18 ತಿಂಗಳ ತನಕ ಮುಂದುವರಿಸುವ ಕಾನೂನು. ಆದರೆ ಕಂಪನಿಯ ಪಾಲೂ ಸೇರಿ ಪ್ರೀಮಿಯಂನ 102 ಶೇಕಡದವರೆಗೆ ನಾವೇ ಕಟ್ಟಬೇಕು, ಕಚ್ಚುವುದು ಅಲ್ಲಿ. ನಿವೃತ್ತಿಗೆಂದು ಕೂಡಿಡುವ 401(ಕೆ) ಖಾತೆಯಲ್ಲಿ ನಾವು ಹಾಕಿದ್ದು ನಮ್ಮದೇ. ಕಂಪನಿ ಸೇರಿಸಿದ ಪಾಲು ಪೂರ್ತಿ ನಮ್ಮದಾಗಲು ಕೆಲವೆಡೆ ಮೂರು ವರ್ಷ ತುಂಬಬೇಕು. ಎರಡು ತಿಂಗಳು ಬಾಕಿ ಇರುವಾಗ ಬಿಟ್ಟು ಅಷ್ಟನ್ನೂ ಕಳೆದುಕೊಂಡವರುಂಟು.

ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದೆರಡು ಮಾತು. ಎರಡು ಕೆಲಸದ ನಡುವೆ 'ಹೇಗೂ ರಜಾ ಇದೆ, ಗೃಹಪ್ರವೇಶಕ್ಕೆ ಬಂದು ಹೋಗು' ಎಂದು ಒತ್ತಾಯಿಸಬೇಡಿ. ಅರ್ಜಿ ಬಾಕಿ ಇರುವಾಗ ದೇಶ ದಾಟಿದರೆ ಮರಳುವಾಗ ತೊಡಕಾಗಬಹುದು. ವಕೀಲರನ್ನು ಕೇಳಿಯೇ ಟಿಕೆಟ್ ಮಾಡಲಿ. ಸಂಬಂಧಿಕರಿಗೆಲ್ಲ ಹೊಸ ಕೆಲಸದ ಸುದ್ದಿಯನ್ನು ಮೊದಲೇ ಹೇಳಬೇಡಿ. ವಾಟ್ಸಾಪ್‌ನಲ್ಲಿ ಸುತ್ತಿ ಹಳೆಯ ಆಫೀಸಿಗೆ ಮುಟ್ಟಲು ಹೊತ್ತು ಬೇಕಾಗಿಲ್ಲ.

ನಮ್ಮ ಅಮ್ಮ ಈಗ ಪಳಗಿದ್ದಾರೆ. ಕಳೆದ ವಾರ ಪಕ್ಕದ ಮನೆಯವರ ಮಗ ಜೆರ್ಸಿ ಸಿಟಿಯಲ್ಲಿ ಕೆಲಸ ಬಿಡುತ್ತಾನೆಂದು ಅವರ ತಾಯಿ ಕಣ್ಣೀರು ಹಾಕುತ್ತಾ ಬಂದರಂತೆ. ಜಗಳದ ವಿಚಾರ ಅಮ್ಮ ಎತ್ತಲೇ ಇಲ್ಲ. 'ಹೊಸ ಕಂಪನಿ ಅರ್ಜಿ ಹಾಕಿದ ರಸೀದಿ ಬಂತಂತಾ, ಕೇಳಿದ್ರಾ?' ಎಂದರಂತೆ.