ದರ ತೋರಿಸುವ ಪರದೆ, ಬಾಯಿ ಬಿಡದ ಮಾರುಕಟ್ಟೆ

ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿಯ ದಿನ. ಹೊಸಬರಾದರೆ ಮಾರುಕಟ್ಟೆ ಕಣ್ಣಿಗೆ ಬೀಳುವ ಮೊದಲೇ ಸೀನು ಬರುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ, ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ಹೆಸರಾದ ಈ ಕಾಯಿ ಊರಿನ ಹೆಸರನ್ನೇನೋ ಹೊತ್ತಿದೆ. ಆದರೆ ಇಲ್ಲಿಗೆ ಬರುವ ಚೀಲಗಳಲ್ಲಿ ಬಹಳಷ್ಟು ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯವು. ಬ್ಯಾಡಗಿಯ ಹೊಲಗಳಲ್ಲಿ ಗೋವಿನಜೋಳ ಹಬ್ಬಿದೆ. ಅಂದಮೇಲೆ ಆ ರೈತರನ್ನು ಇಷ್ಟು ದೂರ ಎಳೆದು ತರುವುದು ಈ ಊರಿನ ಮಣ್ಣಲ್ಲ, ಮಾರುಕಟ್ಟೆಯ ಮೇಲಿನ ನಂಬಿಕೆ.

ಆ ನಂಬಿಕೆಯ ಹಿಂದೆ ಇ-ಟೆಂಡರ್ ಇದೆ. ರೈತನ ಮಾಲು ದಲಾಲಿ ಅಂಗಡಿಯ ಮುಂದೆ ಇಳಿಯುತ್ತದೆ, ಲಾಟ್ ನಂಬರು ಬೀಳುತ್ತದೆ. ಖರೀದಿದಾರರು ಕಾಯಿ ಮುಟ್ಟಿ, ಮುರಿದು, ಬಣ್ಣ ನೋಡಿ, ತೇವ ಅಂದಾಜಿಸಿ ತಮ್ಮ ದರ ತುಂಬುತ್ತಾರೆ. ಯಾರು ಎಷ್ಟು ಬರೆದರೆಂಬುದು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಹೊತ್ತು ಮುಗಿದ ಮೇಲೆ ಹೆಚ್ಚು ದರ ಹಾಕಿದವನ ಹೆಸರು ಹೊರಬೀಳುತ್ತದೆ. ಒಪ್ಪದಿದ್ದರೆ ಮಾರದೆ ಇಟ್ಟುಕೊಳ್ಳುವ ಹಕ್ಕು ರೈತನದು. ಕರ್ನಾಟಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಕಟ್ಟಿದಾಗ ದೇಶ ಇತ್ತ ನೋಡಿತು. 2016ರ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಜಾಲ ಇ-ನಾಮ್‌ಗೆ ಅದೇ ಮಾದರಿಯಾಯಿತು. ವರ್ತಕರು, ದಲಾಲರು, ಗುಮಾಸ್ತರೆಲ್ಲ ಕಂಪ್ಯೂಟರಿಗೆ ಒಗ್ಗಿಕೊಂಡರು. ಇದು ಸಣ್ಣ ಕಲಿಕೆಯಲ್ಲ.

ಇಷ್ಟೆಲ್ಲ ಕಲಿತ ಮಾರುಕಟ್ಟೆಗೆ 2024ರ ಮಾರ್ಚ್ 11ರ ಸೋಮವಾರ ಬೆಂಕಿ ಬಿತ್ತು. ಕೆಲವೇ ದಿನಗಳ ಹಿಂದೆ ಕ್ವಿಂಟಲ್‌ಗೆ 20 ಸಾವಿರದ ಆಸುಪಾಸಿನಲ್ಲಿದ್ದ ಕಾಯಿಗೆ 8-10 ಸಾವಿರ ಬರೆದಿದ್ದಾರೆಂದು ರೈತರು ಸಿಡಿದೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ಆವಕ ಅಂದು ಲಕ್ಷಗಟ್ಟಲೆ ಚೀಲ.

ಟೆಂಡರಿನಲ್ಲಿ ಮೋಸವಾಯಿತೇ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಮೋಸ ಇರಲಿಲ್ಲವೆಂದೇ ಇಟ್ಟುಕೊಳ್ಳೋಣ, ಆಗ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ. ರಾತ್ರಿಯಿಡೀ ಲಾರಿಯಲ್ಲಿ ಕೂತು ಬಂದವನಿಗೆ ದರ ಬಿದ್ದದ್ದು ತಿಳಿದದ್ದು ಮಾಲು ಇಳಿಸಿದ ಮೇಲೆ. ವಾಪಸು ಒಯ್ಯೋಣವೆಂದರೆ ಬಾಡಿಗೆ, ಶೀತಲಗೃಹದಲ್ಲಿಡೋಣವೆಂದರೆ ಅಲ್ಲೂ ಬಾಡಿಗೆ. ಮಾರದಿರುವ ಹಕ್ಕು ಕಾಗದದಲ್ಲೇ ಉಳಿಯಿತು. ದರ ಕಂಡುಹಿಡಿಯುವ ಯಂತ್ರವನ್ನು ಮಾರುಕಟ್ಟೆ ಚೆನ್ನಾಗಿ ಕಟ್ಟಿತ್ತು. ಕೆಟ್ಟ ಸುದ್ದಿಯನ್ನು ಮುಂಚಿತವಾಗಿ ಮುಟ್ಟಿಸುವ ದಾರಿಯನ್ನು ಕಟ್ಟಿರಲಿಲ್ಲ.

ಸುದ್ದಿ ಮುಟ್ಟದೆ ಸಿಟ್ಟು ಸಿಡಿಯುವುದು ಈ ಜಿಲ್ಲೆಗೆ ಹೊಸದೂ ಅಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನೆರೆದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಪ್ರಾಣ ತೆತ್ತರು. ಬಿತ್ತನೆಯ ಹೊತ್ತಿನಲ್ಲಿ ದಾಸ್ತಾನೆಷ್ಟು, ಮುಂದಿನ ಲೋಡು ಯಾವಾಗ ಎಂದು ನಂಬುವಂತೆ ಹೇಳುವವರಿಲ್ಲದಿದ್ದರೆ ಕೊರತೆಗಿಂತ ಅದರ ಭಯವೇ ದೊಡ್ಡದಾಗುತ್ತದೆ.

ಇದೇ ಜಿಲ್ಲೆಯ ರಾಣೆಬೆನ್ನೂರಿನ ಲೆಕ್ಕಾಚಾರ ಬೇರೆ. ಅಲ್ಲಿ ರೈತರು ಕಂಪನಿಗಳಿಗಾಗಿ ಟೊಮೆಟೊ, ಮೆಣಸಿನಕಾಯಿ, ಹತ್ತಿಯ ಹೈಬ್ರಿಡ್ ಬೀಜ ಬೆಳೆಯುತ್ತಾರೆ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ರೂಪಿಸಿ 1972ರಲ್ಲಿ ಹೊರತಂದ ‘ವರಲಕ್ಷ್ಮಿ’ ಹತ್ತಿ ಈ ಸೀಮೆಯಲ್ಲಿ ಕೈಯಿಂದ ಪರಾಗ ಮುಟ್ಟಿಸುವ ಕೆಲಸಕ್ಕೆ ಬೇಡಿಕೆ ತಂದಿತು. ಸಂಜೆ ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ ಕೇಸರ ತೆಗೆಯುತ್ತಾರೆ, ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಸವರುತ್ತಾರೆ. ಟೊಮೆಟೊ ಆದರೆ ಹೂವಿನ ಬುಡದ ಪುಷ್ಪಪತ್ರಗಳಲ್ಲಿ ಒಂದೆರಡನ್ನು ಚಿವುಟಿ ಗುರುತು ಮಾಡುತ್ತಾರೆ. ಕ್ರಾಸ್ ಆದ ಕಾಯಿ ಯಾವುದು, ತಾನಾಗಿ ಕಟ್ಟಿದ್ದು ಯಾವುದು ಎಂದು ಕೊಯ್ಲಿನಲ್ಲಿ ಗೊತ್ತಾಗಬೇಕಲ್ಲ. ಈ ಕೈಚಳಕ ಅತ್ತೆಯಿಂದ ಸೊಸೆಗೆ, ಹೊಲದಲ್ಲೇ ಬಂದದ್ದು. ಯಾವ ಕಂಪನಿಯ ತರಬೇತಿ ಕೊಠಡಿಯೂ ಇಷ್ಟು ಅಗ್ಗವಾಗಿ ಕಲಿಸಲಾರದು, ಆ ಕೈಗಳಿಗೆ ಸಿಗುವ ಕೂಲಿಯೂ ಅಗ್ಗವೇ.

ಈ ಬೀಜದ ದರ ಕಂಪನಿಯೊಂದಿಗೆ ನಿಗದಿಯಾಗುವುದು ಸಸಿ ನೆಡುವ ಮೊದಲೇ. ಅನಿಶ್ಚಿತತೆ ಹಾಗೆಂದು ಮಾಯವಾಗಿಲ್ಲ, ಜಾಗ ಬದಲಿಸಿದೆ. ಶುದ್ಧತೆಯ ಪರೀಕ್ಷೆಯಲ್ಲಿ ಬೀಜ ಫೇಲಾದರೆ ಲಾಟ್ ತಿರಸ್ಕಾರ, ಹಣ ಕೈಸೇರಲು ತಿಂಗಳುಗಟ್ಟಲೆ ಕಾಯಬೇಕು. ಆದರೂ ಏಟು ಎಲ್ಲಿಂದ ಬೀಳಬಹುದೆಂದು ರೈತನಿಗೆ ಮೊದಲೇ ಗೊತ್ತಿರುತ್ತದೆ.

ಬ್ಯಾಡಗಿಯಲ್ಲಿ ದರ ಮೊದಲೇ ಹೇಳಲಾಗದು, ನಿಜ. ಆದರೆ ಶೀತಲಗೃಹಗಳಲ್ಲಿ ಎಷ್ಟು ಹಳೆಯ ಚೀಲ ಉಳಿದಿವೆ, ಭಾನುವಾರ ಸಂಜೆಯವರೆಗೆ ಗೇಟಿನಲ್ಲಿ ಎಷ್ಟು ಒಳಬಂದವು, ತೇವದ ಕಾಯಿಗೆ ಗುರುವಾರ ಎಷ್ಟು ಕಡಿತವಾಯಿತು ಎಂಬುದನ್ನು ಹೇಳಲು ಅಡ್ಡಿಯೇನು? ಕನ್ನಡದಲ್ಲೂ ತೆಲುಗಿನಲ್ಲೂ ಒಂದು ಮೆಸೇಜು ಸಾಕು. ಬಳ್ಳಾರಿಯ ರೈತ ಲಾರಿಗೆ ಚೀಲ ಹೇರುವ ಮೊದಲು ಅದು ಅವನ ಮೊಬೈಲಿಗೆ ಬರಬೇಕು.